ಪಾಸ್‌ಪೋರ್ಟ್ ಯಾರ ಕೈಯಲ್ಲಿರಬೇಕು? ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಮಾನವ ಹಕ್ಕುಗಳ ಉಪನ್ಯಾಸ ಏರ್ಪಡಿಸುವ ಬಗೆ

ಕರಾವಳಿಯ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ನಾನು, ವಿದ್ಯಾರ್ಥಿಗಳು ತಾವೇ ಮುಂದೆ ನಿಂತು ನಡೆಸಿದ ಮಾನವ ಹಕ್ಕುಗಳ ಉಪನ್ಯಾಸಗಳಿಗೆ ಕೆಲವು ವರ್ಷ ಸಂಯೋಜಕನಾಗಿದ್ದೆ. ಅವುಗಳಲ್ಲಿ ಕೆಲವು ನಿಜವಾಗಿ ನಡೆದವು. ಇನ್ನು ಕೆಲವು ನಡೆದದ್ದಕ್ಕೆ ವಾರ್ಷಿಕ ವರದಿಯ ಎರಡು ಸಾಲು ಮತ್ತು ಒಂದು ಗುಂಪು ಚಿತ್ರ ಬಿಟ್ಟರೆ ಬೇರೆ ಕುರುಹಿಲ್ಲ. ಮೊದಲ ವರ್ಷ ನಾವು ಆರಿಸಿಕೊಂಡ ಶೀರ್ಷಿಕೆ ‘ಅಂತರರಾಷ್ಟ್ರೀಯ ಮಾನವ ಹಕ್ಕುಗಳು: ಸವಾಲುಗಳು ಮತ್ತು ಸಾಧ್ಯತೆಗಳು’ ಎಂದಿತ್ತು. ಅತಿಥಿಗಳು ವಿದ್ವಾಂಸರು. ಪ್ಯಾಲೆಸ್ಟೀನಿನಿಂದ ಮ್ಯಾನ್ಮಾರಿನವರೆಗೆ ಎಲ್ಲವನ್ನೂ ಮುಟ್ಟಿ ಒಂದು ಗಂಟೆ ಹತ್ತು ನಿಮಿಷ ಮಾತನಾಡಿದರು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಎದ್ದ ಕೈ ಒಂದೇ, ಕೇಳಿದ ಪ್ರಶ್ನೆಯೂ ಒಂದೇ: “ಸರ್, ಅಟೆಂಡೆನ್ಸ್ ಯಾವಾಗ ತಗೊಳ್ತೀರಿ?”

ಎರಡು ವರ್ಷದ ನಂತರ ಅಂತಿಮ ಬಿ.ಎ.ಯ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸರ್, ನಮ್ಮ ಮಾವನ ಪಾಸ್‌ಪೋರ್ಟ್ ಅವರ ಕಂಪನಿಯಲ್ಲೇ ಇದೆಯಂತೆ, ಅದು ಸರಿಯಾ?” ಎಂದು ಕೇಳಿದಳು. ಮಾವ ಗಲ್ಫಿನಲ್ಲಿ ಚಾಲಕರು. ಆ ವರ್ಷದ ಉಪನ್ಯಾಸ ಆ ಪ್ರಶ್ನೆಯ ಸುತ್ತಲೇ ನಡೆಯಿತು. ನಿಗದಿಯಾದ ಹೊತ್ತು ಮುಗಿದ ಮೇಲೂ ನಲವತ್ತು ನಿಮಿಷ ಯಾರೂ ಏಳಲಿಲ್ಲ. ಕೆಳಗೆ ಬರೆದಿರುವ ಕ್ರಮವನ್ನು ನಾವು ಈ ಎರಡು ಅನುಭವಗಳ ಮಧ್ಯೆ ತಪ್ಪುತ್ತ, ತಿದ್ದಿಕೊಳ್ಳುತ್ತ ಕಟ್ಟಿಕೊಂಡೆವು. ನಿಮ್ಮ ಕಾಲೇಜು ಬೇರೆ, ಊರು ಬೇರೆ ಆದರೂ ಹೆಚ್ಚಿನದು ಹಾಗೆಯೇ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ.

ಮೊದಲ ಹೆಜ್ಜೆ: ಒಂದು ಪ್ರಶ್ನೆ ಹುಡುಕಿ

ವಿಷಯ ಯಾವುದೆಂದು ಕೇಳಿದರೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ‘ನಿರಾಶ್ರಿತರು’, ‘ವಲಸೆ ಕಾರ್ಮಿಕರು’, ‘ಯುದ್ಧಾಪರಾಧ’ ಎಂದು ಒಂದೊಂದು ಪದ ಹೇಳುತ್ತಾರೆ. ಪದದಿಂದ ಉಪನ್ಯಾಸ ಹುಟ್ಟುವುದಿಲ್ಲ. ಆರೇಳು ಮಂದಿ ಕುಳಿತು, ಆ ಪದವನ್ನು ಹೌದು ಅಥವಾ ಅಲ್ಲ ಎಂದು ಉತ್ತರಿಸಲು ಆರಂಭಿಸಬಹುದಾದ, ಆದರೆ ಉತ್ತರ ಅಲ್ಲಿಗೇ ಮುಗಿಯದ ಒಂದು ಪ್ರಶ್ನೆಯಾಗಿ ಮಾರ್ಪಡಿಸಬೇಕು. ನಮ್ಮ ಪ್ರಶ್ನೆ ‘ವಿದೇಶದಲ್ಲಿ ದುಡಿಯುವವನ ಪಾಸ್‌ಪೋರ್ಟ್ ಯಾರ ಕೈಯಲ್ಲಿರಬೇಕು?’ ಎಂಬುದು. ಕರಾವಳಿಯಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಫೀಲ (ವೀಸಾದ ಹೊಣೆ ಹೊರುವ ಮಾಲಿಕ), ಇಕಾಮಾ (ವಾಸದ ಪರವಾನಗಿ), ಫ್ರೀ ವೀಸಾ (ಹೆಸರಿಗೊಬ್ಬ ಮಾಲಿಕ, ದುಡಿಮೆ ಬೇರೆಡೆ) ಎಂಬ ಮಾತುಗಳು ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಜಗಲಿಯಲ್ಲಿ ದಿನಬಳಕೆಯವು. ಕೆಲಸಗಾರನ ವೀಸಾ, ವಾಸದ ಪರವಾನಗಿ, ಕೆಲಸ ಬದಲಿಸುವ ಅವಕಾಶ ಎಲ್ಲವೂ ಒಬ್ಬ ಮಾಲಿಕನಿಗೆ ಕಟ್ಟಿಕೊಂಡಿರುವ ‘ಕಫಾಲಾ’ ಪದ್ಧತಿಯನ್ನು ಈ ಒಂದೇ ಪ್ರಶ್ನೆಯ ಮೂಲಕ ಪೂರ್ತಿಯಾಗಿ ಪ್ರವೇಶಿಸಬಹುದು.

ಬೇರೆ ಕಡೆಯವರು ತಮ್ಮ ನೆಲದಲ್ಲಿ ಹುಡುಕಬೇಕು. ಮೈಸೂರು ಅಥವಾ ಕೊಡಗಿನ ಕಾಲೇಜಿಗೆ ಬೈಲಕುಪ್ಪೆ ಹತ್ತಿರ. ಶಿರಸಿ, ಹುಬ್ಬಳ್ಳಿಯವರಿಗೆ ಮುಂಡಗೋಡ ಹತ್ತಿರ. 1959ರ ನಂತರ ಟಿಬೆಟಿನಿಂದ ಬಂದವರಿಗೆ ಆಗಿನ ಮೈಸೂರು ರಾಜ್ಯ ಕೊಟ್ಟ ಜಾಗದಲ್ಲಿ ಬೆಳೆದ ನೆಲೆಗಳವು. ‘ಬೈಲಕುಪ್ಪೆಯಲ್ಲಿ ಹುಟ್ಟಿದವಳಿಗೆ ಭಾರತದ ಪಾಸ್‌ಪೋರ್ಟ್ ಸಿಗುತ್ತದೆಯೇ?’ ಎಂಬ ಪ್ರಶ್ನೆ ಇಟ್ಟುಕೊಂಡರೆ, 1955ರ ಪೌರತ್ವ ಕಾಯ್ದೆಗೆ ಹೋಗಬೇಕಾಗುತ್ತದೆ, 1950ರ ಜನವರಿ 26ರಿಂದ 1987ರ ಜುಲೈ 1ರವರೆಗಿನ ಅವಧಿಯಲ್ಲಿ ಇಲ್ಲಿ ಹುಟ್ಟಿದವರ ಸ್ಥಿತಿ ಏನೆಂದು 2010ರಲ್ಲಿ ದೆಹಲಿ ಹೈಕೋರ್ಟ್ ಟಿಬೆಟನ್ ಮಹಿಳೆಯೊಬ್ಬರ ಪ್ರಕರಣದಲ್ಲಿ ಹೇಳಿದ್ದನ್ನು ಓದಬೇಕಾಗುತ್ತದೆ, 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸೇರಿಲ್ಲವೆಂಬ ಸಂಗತಿಯನ್ನೂ ಎದುರಿಸಬೇಕಾಗುತ್ತದೆ. ಕಾನೂನು ಕಾಲೇಜಿನವರಾದರೆ, ‘ಮ್ಯಾನ್ಮಾರಿನ ಮೇಲೆ ಆಫ್ರಿಕಾದ ಗ್ಯಾಂಬಿಯಾ ಏಕೆ ಮೊಕದ್ದಮೆ ಹೂಡಿತು?’ ಎಂದು ಕೇಳಿಕೊಳ್ಳಬಹುದು. 2019ರ ನವೆಂಬರಿನಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ರೋಹಿಂಗ್ಯಾ ಜನರ ವಿಷಯ ಹೋದದ್ದು ಹಾಗೆ.

ಎರಡನೆಯ ಹೆಜ್ಜೆ: ಎರಡು ಪುಟದ ಟಿಪ್ಪಣಿ

ಹೆಚ್ಚಿನ ತಂಡಗಳು ಈ ಹೆಜ್ಜೆಯನ್ನು ಹಾರಿಬಿಡುತ್ತವೆ. ನನ್ನ ಮಟ್ಟಿಗೆ ಅರ್ಧ ಕೆಲಸ ಇದೇ. ಅತಿಥಿಯನ್ನು ಹುಡುಕುವ ಮೊದಲೇ ತಂಡದವರು ಓದಿ, ಕನ್ನಡದಲ್ಲಿ ಎರಡು ಪುಟ ಮೀರದ ಟಿಪ್ಪಣಿ ಬರೆಯಬೇಕು. ಅದಕ್ಕೆ ಮೂರು ವಾರ ಬೇಕು. ಈ ಟಿಪ್ಪಣಿ ಮುಂದೆ ಪ್ರಾಂಶುಪಾಲರಿಗೆ, ಅತಿಥಿಗೆ, ನಿರೂಪಕಿಗೆ, ಕೇಳುಗರಿಗೆ ಎಲ್ಲರಿಗೂ ಬೇಕಾಗುತ್ತದೆ.

ಟಿಪ್ಪಣಿಯಲ್ಲಿ ಕಾನೂನಿನ ಮೂರು ಪದರಗಳು ಬೇರೆಬೇರೆಯಾಗಿ ಕಾಣಬೇಕು: ಜಗತ್ತಿಗೆ ಅನ್ವಯವಾಗುವುದು, ಆ ದೇಶದ್ದು, ನಮ್ಮದು. ನಮ್ಮ ವಿಷಯದಲ್ಲಿ ಮೊದಲ ಪದರಕ್ಕೆ 1948ರ ಸಾರ್ವತ್ರಿಕ ಘೋಷಣೆಯ 13ನೆಯ ಅನುಚ್ಛೇದ ಸಿಕ್ಕಿತು. ಯಾರೂ ಯಾವ ದೇಶವನ್ನೂ ಬಿಟ್ಟು ಹೊರಡಬಹುದು, ಸ್ವದೇಶಕ್ಕೆ ಮರಳಬಹುದು ಎಂದು ಅದು ಹೇಳುತ್ತದೆ. ಆದರೆ ಘೋಷಣೆ ಒಪ್ಪಂದವಲ್ಲ. ಒಪ್ಪಂದದ ಬಲವಿರುವುದು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ, ಅದೂ ಸೇರಿದ ದೇಶಗಳ ಮಟ್ಟಿಗೆ. ಇಲ್ಲಿ ವಿದ್ಯಾರ್ಥಿಗಳು ಪಟ್ಟಿ ಮಾಡಲು ಕುಳಿತಾಗ ಅಚ್ಚರಿ ಕಾದಿತ್ತು: ಕುವೈತ್, ಬಹರೈನ್, ಕತಾರ್ ಈ ಒಡಂಬಡಿಕೆಗೆ ಸೇರಿವೆ, ಸೌದಿ ಅರೇಬಿಯಾ, ಯುಎಇ, ಒಮಾನ್ ಸೇರಿಲ್ಲ. ಹಾಗೆಂದು ಈ ಮೂರು ದೇಶಗಳ ಮೇಲೆ ಯಾವ ಹೊಣೆಯೂ ಇಲ್ಲವೆಂದಲ್ಲ. ಬಲವಂತದ ದುಡಿಮೆಯ ವಿರುದ್ಧ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1930ರಲ್ಲಿ ಮಾಡಿದ ಒಪ್ಪಂದಕ್ಕೆ ಆರೂ ದೇಶಗಳು ಸೇರಿವೆ, ಮತ್ತು ದುಡಿಮೆ ಬಲವಂತದ್ದೇ ಎಂದು ಗುರುತಿಸಲು ಅದೇ ಸಂಘಟನೆ ಕೊಟ್ಟಿರುವ ಹನ್ನೊಂದು ಸೂಚಕಗಳಲ್ಲಿ ಗುರುತಿನ ಪತ್ರಗಳನ್ನು ಮಾಲಿಕ ಇಟ್ಟುಕೊಳ್ಳುವುದೂ ಒಂದು. ‘ಗಲ್ಫ್’ ಎಂಬ ಒಂದೇ ಪದದಲ್ಲಿ ಆರು ದೇಶಗಳನ್ನು ಕಟ್ಟಿಹಾಕುವ ನಮ್ಮ ರೂಢಿ ಈ ಪಟ್ಟಿಯ ಮುಂದೆ ನಿಲ್ಲಲಿಲ್ಲ.

ಎರಡನೆಯ ಪದರದಲ್ಲಿ ಕತಾರನ್ನು ಮಾದರಿಯಾಗಿ ತೆಗೆದುಕೊಂಡೆವು. ಅಲ್ಲಿನ 2015ರ ಕಾನೂನು, ವಾಸದ ಪರವಾನಗಿಯ ಕೆಲಸ ಮುಗಿದ ಮೇಲೆ ಪಾಸ್‌ಪೋರ್ಟನ್ನು ಕೆಲಸಗಾರನಿಗೆ ಮರಳಿಸಬೇಕೆನ್ನುತ್ತದೆ. ಆದರೆ ಕೆಲಸಗಾರನೇ ಬರವಣಿಗೆಯಲ್ಲಿ ಕೋರಿದರೆ ಮಾಲಿಕ ಇಟ್ಟುಕೊಳ್ಳಬಹುದು. ‘ಬರವಣಿಗೆಯಲ್ಲಿ ಕೋರಿದರೆ’ ಎಂಬ ಈ ಎರಡು ಪದಗಳ ಮೇಲೆ ತಂಡದವರು ಒಂದು ಸಂಜೆ ಪೂರ್ತಿ ಜಗಳವಾಡಿದರು. ಅರಬ್ಬಿಯೋ ಇಂಗ್ಲಿಷೋ ಬಾರದವನ ಸಹಿ ಕೋರಿಕೆಯೇ? ಕೊಠಡಿಯಲ್ಲಿ ಹತ್ತು ಮಂದಿ ಇರುವಾಗ ಪಾಸ್‌ಪೋರ್ಟ್ ಕಳೆದುಹೋಗುವ ಭಯದಿಂದ ತಾನೇ ಕೊಟ್ಟವನ ಕಥೆ ಏನು? ಉಪನ್ಯಾಸಕ್ಕೆ ಜೀವ ಕೊಟ್ಟದ್ದು ಮುಂದೆ ಇದೇ ಜಗಳ. ಕೆಲಸ ಬದಲಿಸಲು ಹಳೆಯ ಮಾಲಿಕನ ನಿರಾಕ್ಷೇಪಣಾ ಪತ್ರ ಬೇಕೆಂಬ ನಿಯಮವನ್ನು ಕತಾರ್ 2020ರಲ್ಲಿ ತೆಗೆಯಿತು; ತಿಂಗಳಿಗೆ 1,000 ರಿಯಾಲ್ ಕನಿಷ್ಠ ಮೂಲವೇತನ 2021ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಅದೇ ತಿಂಗಳು ಸೌದಿ ಅರೇಬಿಯಾ ತಂದ ಸುಧಾರಣೆಗಳಲ್ಲಿ ಮನೆಗೆಲಸದವರು ಸೇರಿರಲಿಲ್ಲ. ಇಂಥ ಬದಲಾವಣೆಗಳನ್ನು ಟಿಪ್ಪಣಿಯಲ್ಲಿ ದಾಖಲಿಸದಿದ್ದರೆ, ಹತ್ತು ವರ್ಷದ ಹಿಂದಿನ ಗಲ್ಫನ್ನು ಇಂದಿನದೆಂದು ಹೇಳಿದಂತಾಗುತ್ತದೆ, ಮತ್ತು ಸಭೆಯಲ್ಲಿ ರಜೆಗೆ ಬಂದಿರುವ ಒಬ್ಬನಾದರೂ ಎದ್ದು ತಿದ್ದುತ್ತಾನೆ.

ಮೂರನೆಯ ಪದರ ನಮ್ಮ ದೇಶದ್ದು. ಇದನ್ನು ಬಿಟ್ಟರೆ ಕಾರ್ಯಕ್ರಮ ದೂರದವರನ್ನು ದೂರುವ ಸಭೆಯಾಗುತ್ತದೆ. ವಿದೇಶಕ್ಕೆ ಹೋಗುವ ಹಕ್ಕು ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ ಮೇಲೆ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರ ಮೇನಕಾ ಗಾಂಧಿ ತೀರ್ಪು ಹುಟ್ಟಿದ್ದೂ ಸರ್ಕಾರ ಒಂದು ಪಾಸ್‌ಪೋರ್ಟನ್ನು ವಶಪಡಿಸಿಕೊಂಡದ್ದರಿಂದಲೇ. ಕಾಯ್ದೆಯ 17ನೆಯ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಯಾವಾಗಲೂ ಕೇಂದ್ರ ಸರ್ಕಾರದ ಸೊತ್ತು. ಎಂದರೆ ‘ಯಾರ ಕೈಯಲ್ಲಿರಬೇಕು’ ಎಂಬ ನಮ್ಮ ಪ್ರಶ್ನೆಗೆ ಕಾನೂನು ಕೊಡುವ ಮೊದಲ ಉತ್ತರ ಮಾಲಿಕನದೂ ಅಲ್ಲ, ಮಾವನದೂ ಅಲ್ಲ! 1983ರ ವಲಸೆ ಕಾಯ್ದೆ, ಹತ್ತನೆಯ ತರಗತಿ ಪಾಸಾಗದವರ ಇಸಿಆರ್ (‘ವಲಸೆ ತಪಾಸಣೆ ಅಗತ್ಯ’ ಎಂಬ ಗುರುತಿನ) ಪಾಸ್‌ಪೋರ್ಟ್, ಅಂಥವರು 18 ದೇಶಗಳಿಗೆ ದುಡಿಯಲು ಹೋಗುವಾಗ ಪಡೆಯಬೇಕಾದ ಅನುಮತಿ, ವಿಮೆ ಇವೆಲ್ಲ ಇದೇ ಪದರಕ್ಕೆ ಸೇರಿದವು. ವಲಸೆ ಕಾರ್ಮಿಕರ ಹಕ್ಕುಗಳ 1990ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಗಲ್ಫಿನ ಆರು ದೇಶಗಳಂತೆ ಭಾರತವೂ ಸೇರಿಲ್ಲ. ಫಿಲಿಪ್ಪೀನ್ಸ್, ಶ್ರೀಲಂಕಾ, ಬಾಂಗ್ಲಾದೇಶ ಸೇರಿವೆ. ಈ ವಾಕ್ಯವನ್ನು ಟಿಪ್ಪಣಿಯಿಂದ ತೆಗೆಯಿರಿ ಎಂದು ಒಬ್ಬ ಹಿರಿಯ ಸಹೋದ್ಯೋಗಿ ಸಲಹೆ ಕೊಟ್ಟಿದ್ದರು. ಸಂಗತಿ ನಿಜವೇ ಆಗಿದ್ದರಿಂದ ಉಳಿಸಿಕೊಂಡೆವು.

ಒಂದು ಸೂಕ್ಷ್ಮವನ್ನು ಎಲ್ಲ ತಂಡಗಳೂ ತಪ್ಪುತ್ತವೆ: ಒಪ್ಪಂದಕ್ಕೆ ಸಹಿ ಹಾಕುವುದು ಬೇರೆ, ಅದನ್ನು ಅನುಮೋದಿಸಿ ಕಟ್ಟುಬೀಳುವುದು ಬೇರೆ. ಚಿತ್ರಹಿಂಸೆಯ ವಿರುದ್ಧದ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದೆ, ಅನುಮೋದಿಸಿಲ್ಲ. ಟಿಪ್ಪಣಿಯಲ್ಲಿ ಯಾವ ದೇಶದ ಹೆಸರು ಬಂದರೂ ಈ ಎರಡರಲ್ಲಿ ಯಾವುದೆಂದು ವಿಶ್ವಸಂಸ್ಥೆಯ ಒಪ್ಪಂದಗಳ ಅಧಿಕೃತ ಪಟ್ಟಿಯಲ್ಲಿ ನೋಡಿ ಬರೆಯಿರಿ, ಕಾರ್ಯಕ್ರಮದ ವಾರ ಇನ್ನೊಮ್ಮೆ ನೋಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಯಾವ ಸಂಖ್ಯೆಯೂ ಟಿಪ್ಪಣಿಗೆ ಬರಬಾರದು.

ಮೂರನೆಯ ಹೆಜ್ಜೆ: ಅನುಮತಿ

ಪ್ರಾಂಶುಪಾಲರಿಗೆ ಒಂದು ಪುಟದ ಪತ್ರ, ಜತೆಗೆ ಟಿಪ್ಪಣಿ. ಪತ್ರದಲ್ಲಿ ದಿನಾಂಕ, ಸಮಯ, ಜಾಗ, ಅತಿಥಿಯ ಹೆಸರು ಮತ್ತು ಅರ್ಹತೆ, ನಿರೀಕ್ಷಿತ ಸಂಖ್ಯೆ, ಖರ್ಚು, ಹೊಣೆ ಹೊರುವ ಅಧ್ಯಾಪಕರ ಹೆಸರು ಇರಲಿ. ಅನುಮತಿ ಬಾಯಿಮಾತಿನಲ್ಲಿ ಸಿಕ್ಕರೆ ಸಾಲದು. ಪತ್ರದ ಪ್ರತಿಯ ಮೇಲೆ ಸಹಿ ಮತ್ತು ದಿನಾಂಕ ಬೇಕು, ಏಕೆಂದರೆ ಆಕ್ಷೇಪದ ಫೋನ್ ಬರುವುದು ಸಾಮಾನ್ಯವಾಗಿ ಕಾರ್ಯಕ್ರಮದ ಹಿಂದಿನ ಸಂಜೆ, ಆಗ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ. ಆಕ್ಷೇಪ ಬರುವ ಸಾಧ್ಯತೆ ಇದ್ದರೆ ಅದನ್ನು ಪ್ರಾಂಶುಪಾಲರಿಗೆ ನೀವೇ ಮೊದಲು ತಿಳಿಸಿ. ಹೊರಗಿನವರಿಂದ ಕೇಳಿ ತಿಳಿಯುವ ಆಡಳಿತ ಮಂಡಳಿ ರದ್ದು ಮಾಡುವುದೇ ಸುಲಭವೆಂದುಕೊಳ್ಳುತ್ತದೆ.

ಶೀರ್ಷಿಕೆಯ ಬಗ್ಗೆ ಇಲ್ಲೇ ಹೇಳಬೇಕು. ನಮ್ಮ ತಂಡ ಮೊದಲು ಅಂಟಿಸಿದ ಪೋಸ್ಟರಿನಲ್ಲಿ ‘ಗಲ್ಫಿನ ಗುಲಾಮಗಿರಿ’ ಎಂದಿತ್ತು. ಎರಡೇ ದಿನದಲ್ಲಿ ಪೋಷಕರಿಬ್ಬರು ಕಾಲೇಜಿಗೆ ಬಂದರು. ಅವರದು ರಾಜಕೀಯವಲ್ಲ, ನೋವು: “ನಮ್ಮ ಮನೆಯವರು ಅಲ್ಲಿ ಮರ್ಯಾದೆಯಿಂದ ದುಡಿದು ಈ ಮಕ್ಕಳಿಗೆ ಫೀಸು ಕಟ್ಟುತ್ತಿದ್ದಾರೆ, ಅವರನ್ನು ಗುಲಾಮರು ಅಂತ ಬರೆದಿದ್ದೀರಲ್ಲ ಸರ್.” ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಅನ್ಯಾಯವನ್ನು ಹೆಸರಿಸುವ ಆತುರದಲ್ಲಿ ಅನ್ಯಾಯ ಅನುಭವಿಸಿದವನಿಗೇ ಒಂದು ಹಣೆಪಟ್ಟಿ ಹಚ್ಚಿದ್ದೆವು. ಪೋಸ್ಟರ್ ತೆಗೆದು, ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿದೆವು. ಆ ಇಬ್ಬರು ಪೋಷಕರೂ ಉಪನ್ಯಾಸಕ್ಕೆ ಬಂದು ಎರಡನೆಯ ಸಾಲಿನಲ್ಲಿ ಕುಳಿತಿದ್ದರು.

ವಿದೇಶದಿಂದ ಅತಿಥಿ ಬರುವುದಾದರೆ ವಿಷಯ ಬೇರೆ. ಪ್ರವಾಸಿ ವೀಸಾದಲ್ಲಿ ಬಂದವರನ್ನು ವೇದಿಕೆ ಹತ್ತಿಸುವ ಮುನ್ನ ಆಡಳಿತದವರು ನಿಯಮ ವಿಚಾರಿಸಿಕೊಳ್ಳಬೇಕು. ಆನ್‌ಲೈನ್ ಉಪನ್ಯಾಸವೂ ಒಮ್ಮೆ ತೊಡಕಾಗಿತ್ತು: ಕೆಲವು ಬಗೆಯ ಅಂತರರಾಷ್ಟ್ರೀಯ ಆನ್‌ಲೈನ್ ಸಭೆಗಳಿಗೆ ಮುಂಚಿತ ಅನುಮತಿ ಬೇಕೆಂದು ಸರ್ಕಾರಿ ಸಂಸ್ಥೆಗಳಿಗೆ 2021ರ ಜನವರಿಯಲ್ಲಿ ಬಂದ ಸೂಚನೆಯನ್ನು ವಿಜ್ಞಾನಿಗಳ ಮತ್ತು ಅಧ್ಯಾಪಕರ ಆಕ್ಷೇಪದ ನಂತರ ಮುಂದಿನ ತಿಂಗಳೇ ಹಿಂತೆಗೆಯಲಾಯಿತು. ಇಂಥವು ಮತ್ತೆ ಬರಬಹುದಾದ್ದರಿಂದ ಆಯಾ ವರ್ಷದ ಸುತ್ತೋಲೆಗಳನ್ನು ನೋಡಿಕೊಳ್ಳಿ. ವಿದೇಶಿ ಸಂಸ್ಥೆಯೊಂದು ಖರ್ಚಿಗೆ ಹಣ ಕೊಡುತ್ತೇನೆಂದರೆ ವಿದ್ಯಾರ್ಥಿ ವೇದಿಕೆ ಅದನ್ನು ಮುಟ್ಟಬಾರದು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಅಂಥ ಹಣ ಪಡೆಯುವುದು ಅಪರಾಧ.

ನಾಲ್ಕನೆಯ ಹೆಜ್ಜೆ: ಯಾರು ಮಾತನಾಡಬೇಕು

ದೊಡ್ಡ ಹೆಸರಿನ ಹಿಂದೆ ಹೋಗುವ ಆಸೆ ಸಹಜ. ಆದರೆ ಎಲ್ಲ ವಿಷಯಕ್ಕೂ ಮಾತನಾಡಬಲ್ಲವರು ನಿಮ್ಮ ಪ್ರಶ್ನೆಗೆ ಮಾತನಾಡುವುದಿಲ್ಲ. ಅವರ ಬಳಿ ಸಿದ್ಧ ಭಾಷಣ ಇರುತ್ತದೆ. ಕಾರ್ಮಿಕ ಕಾನೂನು ಬಲ್ಲ ಯುವ ವಕೀಲೆ, ವಲಸೆಯ ಬಗ್ಗೆ ಸಂಶೋಧನೆ ಮಾಡಿದ ವಿಶ್ವವಿದ್ಯಾಲಯದ ಅಧ್ಯಾಪಕ, ಸರ್ಕಾರದಲ್ಲಿ ನೋಂದಾಯಿಸಿಕೊಂಡ ನೇಮಕಾತಿ ಏಜೆಂಟ್, ನಿವೃತ್ತ ಪಾಸ್‌ಪೋರ್ಟ್ ಅಧಿಕಾರಿ ಇಂಥವರಲ್ಲಿ ಇಬ್ಬರು ಸಾಕು. ಮೂವರಾದರೆ ಚರ್ಚೆಗೆ ಸಮಯ ಉಳಿಯುವುದಿಲ್ಲ. ಆಹ್ವಾನದ ಜೊತೆ ಟಿಪ್ಪಣಿ ಕಳುಹಿಸಿ, ‘ಈ ಪ್ರಶ್ನೆಗೆ 25 ನಿಮಿಷ’ ಎಂದು ಬರವಣಿಗೆಯಲ್ಲೇ ಹೇಳಿ. ಇದನ್ನು ಅವಮಾನವೆಂದು ತಿಳಿಯುವ ಅತಿಥಿಯನ್ನು ವಿನಯದಿಂದ ಕೈಬಿಡುವುದು ಒಳ್ಳೆಯದು.

‘ಎರಡೂ ಕಡೆಯವರನ್ನು ಕರೆಯಿರಿ’ ಎಂಬ ಮಾತು ಬಂದೇ ಬರುತ್ತದೆ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಸರಿ ಎನ್ನುವವರನ್ನು ಹುಡುಕಿ ತರಬೇಕಾಗಿಲ್ಲ. ಎರಡು ಕಡೆ ನಿಜವಾಗಿ ಇರುವ ಪ್ರಶ್ನೆಗಳೇ ಬೇರೆ ಇವೆ. ಇಸಿಆರ್ ಪಾಸ್‌ಪೋರ್ಟ್ ಹೊಂದಿರುವ, 30 ವರ್ಷ ತುಂಬದ ಹೆಂಗಸರಿಗೆ ಆ 18 ದೇಶಗಳಲ್ಲಿ ಮನೆಗೆಲಸದಂಥ ದುಡಿಮೆಗೆ ಹೋಗಲು ಅನುಮತಿ ಕೊಡದ ನಮ್ಮ ದೇಶದ ನಿಯಮವನ್ನು ನೋಡಿ: ಅದು ರಕ್ಷಣೆಯೋ, ಅಥವಾ ಗಂಡಸಿಗಿರುವ ಹೊರಡುವ ಹಕ್ಕನ್ನು ಹೆಂಗಸಿಗೆ ನಿರಾಕರಿಸಿ ಅವಳನ್ನು ಕಳ್ಳದಾರಿಯ ಏಜೆಂಟನ ಕೈಗೆ ತಳ್ಳುವ ತಡೆಯೋ? ಇದರ ಬಗ್ಗೆ ಬಲ್ಲವರಲ್ಲೇ ಭಿನ್ನಾಭಿಪ್ರಾಯವಿದೆ. ಇಬ್ಬರು ಅತಿಥಿಗಳು ಇಲ್ಲಿ ಬೇರೆಬೇರೆ ಕಡೆ ನಿಂತರೆ ಸಭೆಗೆ ಲಾಭ.

ಇನ್ನು ಅನುಭವಿಸಿದವರ ಮಾತು. ಗಲ್ಫಿನಿಂದ ತೊಂದರೆಪಟ್ಟು ಮರಳಿದವರೊಬ್ಬರು ಬಂದು ಮಾತನಾಡಿದರೆ ಸಭೆ ಕರಗುತ್ತದೆಂದು ವಿದ್ಯಾರ್ಥಿಗಳಿಗೆ ಗೊತ್ತು, ಅದೇ ಅಪಾಯ. ಅವರ ನೋವು ನಮ್ಮ ಕಾರ್ಯಕ್ರಮದ ಅಲಂಕಾರವಾಗಬಾರದು. ಒಮ್ಮೆ ನಾವು ಕರೆತಂದ ಮಹಿಳೆ, ಕೆಲಸಕ್ಕಿದ್ದ ಮನೆಯ ಬಗ್ಗೆ ಹೇಳಲು ಆರಂಭಿಸಿ ಮಧ್ಯದಲ್ಲಿ ಮಾತು ನಿಲ್ಲಿಸಿಬಿಟ್ಟರು. ಮುಂದಿನ ಸಾಲಿನಲ್ಲಿ ಫೋನ್ ಹಿಡಿದು ವಿಡಿಯೊ ಮಾಡುತ್ತಿದ್ದವನನ್ನು ಕಂಡಿದ್ದರು. ಅಂದಿನಿಂದ ನಾವು ಪಾಲಿಸುವ ಕ್ರಮ ಇದು. ಒಂದು ವಾರ ಮೊದಲು ತಂಡದ ಇಬ್ಬರು, ಅವರಲ್ಲಿ ಒಬ್ಬಳಾದರೂ ಹುಡುಗಿ, ಅವರ ಮನೆಗೆ ಹೋಗಿ ಮಾತನಾಡುತ್ತಾರೆ. ಏನು ಕೇಳಬಹುದು, ಏನು ಕೇಳಬಾರದು ಎಂಬುದನ್ನು ಅವರೇ ಹೇಳುತ್ತಾರೆ. ಹೆಸರು, ಊರು, ಕೆಲಸಕ್ಕಿದ್ದ ಮನೆ ಅಥವಾ ಕಂಪನಿಯ ಹೆಸರು ಹೇಳಬೇಕಾಗಿಲ್ಲ. ಅವರ ಅಣ್ಣನೋ ಗಂಡನೋ ಇನ್ನೂ ಅಲ್ಲೇ ಇದ್ದರೆ ಇಲ್ಲಿ ಆಡಿದ ಒಂದು ಮಾತು, ಹರಿದಾಡಿದ ಒಂದು ತುಣುಕು ಅಲ್ಲಿ ಅವರನ್ನು ಕಷ್ಟಕ್ಕೆ ಸಿಲುಕಿಸಬಹುದು. ಮಾತಿನ ಹೊತ್ತಿನಲ್ಲಿ ಎಲ್ಲ ಫೋನುಗಳೂ ಬಾಗಿಲ ಬಳಿಯ ಬುಟ್ಟಿಯಲ್ಲಿರುತ್ತವೆ. ಅವರು ಬಯಸಿದರೆ ವೇದಿಕೆಯ ಬದಲು ಸಭೆಯ ನಡುವೆಯೇ ಕುಳಿತು ಮಾತನಾಡಬಹುದು; ಬೇಡವೆನಿಸಿದರೆ ಆ ದಿನ ಬೆಳಗ್ಗೆ ಕೂಡ ‘ಬರುವುದಿಲ್ಲ’ ಎನ್ನಬಹುದು, ಕಾರಣ ಯಾರೂ ಕೇಳುವುದಿಲ್ಲ. ಬೇರಿ, ತುಳು, ಕೊಂಕಣಿ, ನವಾಯತಿ ಯಾವುದರಲ್ಲಿ ಮಾತನಾಡಿದರೂ ಪಕ್ಕದಲ್ಲಿ ಒಬ್ಬರು ಕನ್ನಡಕ್ಕೆ ತರುತ್ತಾರೆ. ಸಂಭಾವನೆ ವಕೀಲರಿಗೆ ಕೊಡುವಷ್ಟೇ ಇವರಿಗೂ. ಒಂದು ದಿನದ ದುಡಿಮೆ ಬಿಟ್ಟು ಬಂದವರಿಗೆ ಶಾಲು ಹೊದಿಸಿ ಕಳುಹಿಸುವುದು ನನಗೆ ಯಾವತ್ತೂ ಸರಿಕಂಡಿಲ್ಲ.

ಐದನೆಯ ಹೆಜ್ಜೆ: ದಿನ, ಜಾಗ, ದುಡ್ಡು

ಇದನ್ನು ಬೇಗ ಮುಗಿಸುತ್ತೇನೆ. ಮಾನವ ಹಕ್ಕುಗಳ ದಿನವಾದ ಡಿಸೆಂಬರ್ 10ನ್ನು ತಪ್ಪಿಸಿ. ಅಂದು ಬಲ್ಲವರೆಲ್ಲ ಬೇರೆ ವೇದಿಕೆಗಳಲ್ಲಿರುತ್ತಾರೆ. ಸೆಮಿಸ್ಟರಿನ ನಡುವಿನ, ಇಂಟರ್ನಲ್ಸ್ ಇಲ್ಲದ ವಾರದ ಮಧ್ಯದ ದಿನ ಒಳ್ಳೆಯದು. ಬಸ್ಸಿನಲ್ಲಿ ಬರುವವರಿರುವ ಕಾಲೇಜಿನಲ್ಲಿ ಮೂರೂವರೆಯ ಒಳಗೆ ಮುಗಿಯಬೇಕು. ನೂರು ಮಂದಿಗೆ ಐನೂರು ಆಸನದ ಸಭಾಂಗಣ ಬೇಡ. ಖಾಲಿ ಕುರ್ಚಿಗಳ ಮುಂದೆ ಯಾರಿಗೂ ಪ್ರಶ್ನೆ ಹುಟ್ಟುವುದಿಲ್ಲ. ದೊಡ್ಡ ತರಗತಿ ಕೊಠಡಿ ಸಾಕು. ಹಾಜರಾತಿಗಾಗಿ ಎರಡು ತರಗತಿಗಳನ್ನು ಸಾಲಾಗಿ ಕರೆತಂದು ಕೂರಿಸುವ ಪದ್ಧತಿಯನ್ನು ನಾನು ನಿಲ್ಲಿಸಿದ ವರ್ಷ ಬಂದವರು ಅರ್ಧಕ್ಕಿಳಿದರು, ಪ್ರಶ್ನೆಗಳು ಮಾತ್ರ ಹೆಚ್ಚಾದವು. ಹೂಗುಚ್ಛ, ಸ್ಮರಣಿಕೆ, ಫ್ಲೆಕ್ಸ್ ಬಿಟ್ಟರೆ ಉಳಿಯುವುದು ಪ್ರಯಾಣ, ಸಂಭಾವನೆ, ಜೆರಾಕ್ಸ್, ಚಹಾ ಅಷ್ಟೇ. ಕಾಲೇಜಿನ ನಿಧಿಯಿಂದ ತೆಗೆದು, ರಸೀದಿಗಳನ್ನು ಅದೇ ವಾರ ಒಪ್ಪಿಸಿ.

ಆರನೆಯ ಹೆಜ್ಜೆ: ಕಾರ್ಯಕ್ರಮದ ಪಟ್ಟಿ

ನಮ್ಮ ಕಾರ್ಯಕ್ರಮಗಳಿಗೆ ಒಂದು ಸಿದ್ಧ ಮೈಕಟ್ಟಿದೆ: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಅತಿಥಿ ಪರಿಚಯ, ಮುಖ್ಯ ಭಾಷಣ, ಅತಿಥಿಗಳ ಹಿತನುಡಿ, ಅಧ್ಯಕ್ಷೀಯ ಭಾಷಣ, ಸನ್ಮಾನ, ವಂದನಾರ್ಪಣೆ. ನಾನು ಒಮ್ಮೆ ಗಡಿಯಾರ ಹಿಡಿದು ಕುಳಿತು ಲೆಕ್ಕ ಹಾಕಿದೆ: ಎರಡು ಗಂಟೆಯ ಕಾರ್ಯಕ್ರಮದಲ್ಲಿ ವಿಷಯಕ್ಕೆ ಸಿಕ್ಕಿದ್ದು ನಲವತ್ತೆರಡು ನಿಮಿಷ, ಪ್ರಶ್ನೆಗೆ ‘ಸಮಯದ ಅಭಾವ’. ಇವುಗಳಲ್ಲಿ ಯಾವುದನ್ನೂ ಬಿಡಲು ಹಿರಿಯರು ಒಪ್ಪುವುದಿಲ್ಲವಾದರೆ ಒಟ್ಟುಗೂಡಿಸಬಹುದು. ಸ್ವಾಗತ, ಪ್ರಾಸ್ತಾವಿಕ, ಪರಿಚಯ ಮೂರನ್ನೂ ಒಬ್ಬಳೇ ವಿದ್ಯಾರ್ಥಿನಿ ಎಂಟು ನಿಮಿಷದಲ್ಲಿ ಮಾಡಬಲ್ಲಳು. ಪರಿಚಯ ಪತ್ರದ ಎಲ್ಲ ಪ್ರಶಸ್ತಿಗಳನ್ನು ಓದದೆ, ಈ ಪ್ರಶ್ನೆಗೆ ಇವರನ್ನೇ ಏಕೆ ಕರೆದೆವು ಎಂದಷ್ಟೇ ಹೇಳಿದರೆ ಸಾಕು. ಪ್ರಾಂಶುಪಾಲರ ಅಧ್ಯಕ್ಷೀಯ ಭಾಷಣವನ್ನು ಆರಂಭಕ್ಕೆ ತನ್ನಿ. ಕೊನೆಯಲ್ಲಿಟ್ಟರೆ ಪ್ರಶ್ನೋತ್ತರವನ್ನು ಅದೇ ನುಂಗುತ್ತದೆ. ನಮ್ಮ ಪ್ರಾಂಶುಪಾಲರಿಗೆ ಈ ಮಾತನ್ನು ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದೆವು. ಹೇಳಿದಾಗ, “ನನಗೂ ಬೇಗ ಹೋಗುವುದಿತ್ತು” ಎಂದು ನಕ್ಕರು.

ಒಂದು ಮುಕ್ಕಾಲು ಗಂಟೆಯಲ್ಲಿ ಹದಿನೈದು ನಿಮಿಷ ಔಪಚಾರಿಕ, ಇಪ್ಪತ್ತೈದರಂತೆ ಇಬ್ಬರು, ಉಳಿದ ನಲವತ್ತು ನಿಮಿಷ ಪ್ರಶ್ನೆ. ಸಮಯ ನೋಡಿಕೊಳ್ಳುವ ವಿದ್ಯಾರ್ಥಿ ಅತಿಥಿಗೆ ಕಾಣುವಂತೆ ಮುಂದಿನ ಸಾಲಿನಲ್ಲೇ ಕೂತಿರಲಿ. ‘5’ ಎಂದು ಬರೆದ ರಟ್ಟು ಎತ್ತುವುದನ್ನು ಅತಿಥಿಗೆ ಮೊದಲೇ ಹೇಳಿರಬೇಕು.

ಏಳನೆಯ ಹೆಜ್ಜೆ: ಪ್ರಶ್ನೋತ್ತರ

ಮೈಕ್ ಕೈಗೆ ಸಿಕ್ಕರೆ ಮಾತನಾಡುವವರು ಯಾರೆಂದು ಯೋಚಿಸಿ: ಹೊರಗಿನಿಂದ ಬಂದ ಹಿರಿಯರೊಬ್ಬರು, ವಿದ್ಯಾರ್ಥಿ ನಾಯಕ, ಮತ್ತು ಪ್ರಶ್ನೆಯ ಹೆಸರಲ್ಲಿ ಭಾಷಣ ಮಾಡಲು ಬಂದ ಇನ್ನೊಬ್ಬರು. ಹುಡುಗಿಯರು, ಮೊದಲ ವರ್ಷದವರು, ಮನೆಯಲ್ಲಿ ಗಲ್ಫಿನ ಗಾಯವಿರುವವರು ಎದ್ದು ನಿಲ್ಲುವುದಿಲ್ಲ. ಆದ್ದರಿಂದ ಬಾಗಿಲಲ್ಲೇ ಟಿಪ್ಪಣಿಯ ಜೊತೆ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ, ಹೆಸರು ಬರೆಯಬೇಕಾಗಿಲ್ಲ. ಎರಡನೆಯ ಅತಿಥಿ ಮಾತನಾಡುವಾಗ ಚೀಟಿಗಳನ್ನು ಸಂಗ್ರಹಿಸಿ, ತಂಡದ ಇಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ಒಂದೇ ಬಗೆಯವನ್ನು ಜೋಡಿಸಿ ನಿರೂಪಕಿಗೆ ತಲುಪಿಸಬೇಕು. ವಿರೋಧದ ಪ್ರಶ್ನೆಯನ್ನು ಬದಿಗಿಡಬೇಡಿ. ವ್ಯಕ್ತಿಯನ್ನೋ ಸಮುದಾಯವನ್ನೋ ಹಳಿಯುವ ಚೀಟಿಯನ್ನು ಮಾತ್ರ ಬಿಡಿ. ಅಂದು ನಮಗೆ ಬಂದ ಚೀಟಿಗಳಲ್ಲಿ ಒಂದರಲ್ಲಿ, ‘ನಮ್ಮೂರಿನ ಬಾರಿನಲ್ಲಿ ಕೆಲಸ ಮಾಡುವ ಉತ್ತರದ ಹುಡುಗರ ಆಧಾರ್ ಕಾರ್ಡನ್ನು ಮಾಲಿಕರೇ ಇಟ್ಟುಕೊಂಡಿದ್ದಾರೆ, ಅದಕ್ಕೆ ಯಾವ ಕಾನೂನು?’ ಎಂದಿತ್ತು. ವಕೀಲೆ ಒಂದು ಕ್ಷಣ ಸುಮ್ಮನಿದ್ದು, ನಂತರ ಹನ್ನೆರಡು ನಿಮಿಷ ಅದೊಂದಕ್ಕೇ ಉತ್ತರಿಸಿದರು. ಬಲವಂತದ ದುಡಿಮೆಯ ಅದೇ 1930ರ ಒಪ್ಪಂದಕ್ಕೆ ಭಾರತ 1954ರಲ್ಲೇ ಸೇರಿದೆ ಎಂಬಲ್ಲಿಂದ ಅವರು ಆರಂಭಿಸಿದರು.

ಗದ್ದಲವಾದರೆ ನಿರೂಪಕಿ ವಾದಕ್ಕಿಳಿಯಬಾರದು. ಸಂಯೋಜಕ ಅಧ್ಯಾಪಕರು ಎದ್ದು ನಿಂತು, ಚೀಟಿಯಲ್ಲಿ ಬರೆದುಕೊಡಿ ಎನ್ನಬೇಕು. ನಮ್ಮಲ್ಲಿ ಒಮ್ಮೆ ಮಾತ್ರ ಹಾಗಾಯಿತು, ಆ ವ್ಯಕ್ತಿ ಬರೆದೂ ಕೊಟ್ಟರು, ಓದಿಯೂ ಆಯಿತು. ಅತಿಥಿಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಲು ಬಿಡಿ. ತಮ್ಮ ಮನೆಯವರ ಪ್ರಕರಣ ಹಿಡಿದು ಬಂದವರಿಗೆ ಸಭೆಯಲ್ಲಿ ಕಾನೂನು ಸಲಹೆ ಕೊಡುವುದು ಬೇಡ. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸುವ ಬಗೆಯನ್ನೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಿಳಾಸವನ್ನೂ ಒಂದು ಹಾಳೆಯಲ್ಲಿ ಮುದ್ರಿಸಿ ಬಾಗಿಲ ಬಳಿ ಇಟ್ಟಿರಿ. ನಮ್ಮ ಮೊದಲ ಸಲದ ಮೂವತ್ತು ಪ್ರತಿಗಳು ಚಹಾ ಮುಗಿಯುವುದರೊಳಗೆ ಖಾಲಿಯಾದವು.

ಎಂಟನೆಯ ಹೆಜ್ಜೆ: ಮರುದಿನದಿಂದ

ಮೂರು ದಿನದೊಳಗೆ ಅತಿಥಿಗಳಿಗೂ, ಮಾತನಾಡಿದ ಅನುಭವಿಗೂ ಧನ್ಯವಾದದ ಪತ್ರ ಹೋಗಬೇಕು. ಐಕ್ಯೂಎಸಿಗೆ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶಕ್ಕೆ) ವರದಿ ಕೊಡುವಾಗ ಛಾಯಾಚಿತ್ರ ಕೇಳುತ್ತಾರೆ. ಅನುಭವಿ ಕಾಣದ ಚಿತ್ರವನ್ನೇ ಕೊಡಿ, ಹಾಜರಾತಿ ಪಟ್ಟಿಯ ಪ್ರತಿಯನ್ನು ಅದಕ್ಕೆ ಲಗತ್ತಿಸಿದರೆ ಸಾಕಾಗುತ್ತದೆ. ಪತ್ರಿಕೆಗೆ ಕಳುಹಿಸುವ ವರದಿಯಲ್ಲಿ ವೇದಿಕೆಯಲ್ಲಿದ್ದವರ ಹೆಸರುಗಳ ಪಟ್ಟಿಗಿಂತ ಮೊದಲು ಪ್ರಶ್ನೆಯನ್ನೂ ವಕೀಲರು ಹೇಳಿದ ಉತ್ತರವನ್ನೂ ಬರೆಯಿರಿ, ಸಂಪಾದಕರು ಕತ್ತರಿಸುವುದು ಕೆಳಗಿನಿಂದ. ಟಿಪ್ಪಣಿಯಲ್ಲಿ ತಪ್ಪು ಸಿಕ್ಕಿದ್ದರೆ ತಿದ್ದಿ, ತಿದ್ದಿದ್ದನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ. ಆ ವರ್ಷ ನಮ್ಮ ಟಿಪ್ಪಣಿಯಲ್ಲಿ ಒಂದು ಇಸವಿ ತಪ್ಪಿತ್ತು, ಹಿಡಿದುಕೊಟ್ಟವನು ಬಿ.ಕಾಂ. ಹುಡುಗ, ಮುಂದಿನ ವರ್ಷದ ತಂಡಕ್ಕೆ ಅವನನ್ನು ಸೇರಿಸಿಕೊಂಡೆವು.

ಉತ್ತರ ಸಿಗದೆ ಉಳಿದ ಚೀಟಿಗಳನ್ನು ಎಸೆಯದೆ ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ವರ್ಷ ಬರೆದು, ವಿಭಾಗದ ಕಪಾಟಿನಲ್ಲಿಡಿ. ನಮ್ಮ ಕಪಾಟಿನ ಲಕೋಟೆಯಲ್ಲಿ ಮೂವತ್ತೊಂದು ಚೀಟಿಗಳಿದ್ದವು. ಜೂನಿನಲ್ಲಿ ಹೊಸ ತಂಡ ಸೇರಿದಾಗ ವಿಷಯ ಏನಿಡೋಣ ಸರ್ ಎಂದು ಕೇಳಿದರು. ಲಕೋಟೆಯನ್ನು ಮೇಜಿನ ಮೇಲೆ ಸುರಿದೆ. ಬಾರಿನ ಹುಡುಗರ ಆಧಾರ್ ಕಾರ್ಡಿನ ಬಗ್ಗೆ ಬೇರೆಬೇರೆ ಕೈಬರಹದಲ್ಲಿ ಇನ್ನೂ ನಾಲ್ಕು ಚೀಟಿಗಳು ಅದರಲ್ಲಿದ್ದವು.